ಬೋರಲು ಹಾಕಿದ ಲೋಟ

ಕರೆಮ್ಮ ಚೋರನೂರಿನ ಮೊದಲ ಬಸ್ಸಿಗೇ ಸಂಡೂರಿಗೆ ಬಂದು ನಮ್ಮ ಮನೆ ಬಾಗಿಲು ಬಡಿದಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಎಪ್ಪತ್ತೈದು ದಾಟಿದ ಮುದುಕಿ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ವಾರಪತ್ರಿಕೆ. ಅವಳಿಗೆ ಓದಲು ಬರುವುದಿಲ್ಲ, ಫೋಟೊ ಮಾತ್ರ ಗುರುತು ಹತ್ತುತ್ತದೆ.

"ಮೂಕಣ್ಣ, ಜಲ್ದಿ ಬಾಯಿ ತೊಳಕೊಂಡು ಇದನ್ನ ಓದು. ನಮ್ ಗಾದಿಲಿಂಗಂದು ಫೋಟೊ ಬಂದೈತಿ. ಏನ್ ಮಾಡ್ಯಾನ? ಪೊಲೀಸ್ರು ಹಿಡದಾರೇನು?"

"ಪೊಲೀಸ್ರು ಹಿಡಿಯೋದು ನನ್ನನ್ನ ಬೇ, ಅವನನ್ನಲ್ಲ," ಎಂದು ಪತ್ರಿಕೆ ಬಿಡಿಸಿದೆ.

ಹೊಸಪೇಟೆಯ ಸಾಹಿತ್ಯ ಬಳಗದ ಸಮ್ಮೇಳನಕ್ಕೆ ಗಾದಿಲಿಂಗನನ್ನು ಅಧ್ಯಕ್ಷ ಮಾಡಿದ್ದರು. ಬರುವ ಭಾನುವಾರ ತೆರೆದ ಜೀಪಿನಲ್ಲಿ ಮೆರವಣಿಗೆ. ಹಲಗೆ, ಡೊಳ್ಳು, ಕುಂಭ ಹೊತ್ತ ಹೆಂಗಸರು, ಪಾದಗಟ್ಟೆಯಿಂದ ಮೇನ್ ಬಜಾರ್ ದಾಟಿ ಸಭಾಭವನದವರೆಗೆ. ನಾನು ಒಂದೊಂದು ಸಾಲು ಓದಿದಾಗಲೂ ಮುದುಕಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಜೀಪು ಆಗಲೇ ಬಾಗಿಲಿಗೆ ಬಂದು ನಿಂತಿದೆಯೇನೋ ಎಂಬ ಹಾಗೆ.

"ಜೀಪಿನ್ಯಾಗ ಎಷ್ಟ್ ಮಂದಿ ಹಿಡೀತಾರ?"

"ಐದಾರು ಮಂದಿ."

"ಹಂಗಾರ ನಾನೂ ಹತ್ತತೀನಿ. ಹಡದಾಕಿ ನಾನು. ಅವನ ಬಾಜೂಕ ನಾನ ಕುಂದರಬೇಕು."

ನಾನು ಚೊಂಬು ಕೆಳಗಿಟ್ಟೆ. ಇದು ಸಣ್ಣ ಮಾತಲ್ಲ. ಹೊಸಪೇಟೆಯಲ್ಲಿ ಗಾದಿಲಿಂಗನಿಗೆ ತಾಯಿಯೇ ಇಲ್ಲ. ಮೂವತ್ತೆಂಟು ವರ್ಷದಿಂದ ಆ ಊರಿನ ಲೆಕ್ಕದಲ್ಲಿ ಅವನು ಅಪ್ಪ ಅವ್ವ ಇಬ್ಬರೂ ಸತ್ತ ಲಿಂಗಾಯತ. ಕರೆಮ್ಮ ಅವನ ಹೊಲದಲ್ಲಿ ಕೂಲಿ ಮಾಡುವವಳು. ಅವನಿಗೆ ಹೊಲವೂ ಇಲ್ಲ, ಅದು ಬೇರೆ ಮಾತು.

ಅವನೂ ನಾನೂ ಚೋರನೂರಿನ ಮಾದಿಗರ ಕೇರಿಯಲ್ಲಿ ಒಂದೇ ವರ್ಷ ಹುಟ್ಟಿದವರು. ನಾನು ನನ್ನ ಅಪ್ಪನ ಹಾಗೆ ಕಪ್ಪಗೆ ಹುಟ್ಟಿದೆ. ಅವನೂ ತನ್ನ ಅಪ್ಪನ ಹಾಗೆಯೇ ಹುಟ್ಟಿದ, ತೊಂದರೆ ಆಗಿದ್ದು ಅಲ್ಲಿ. ಗೋಧಿ ಬಣ್ಣ, ಉದ್ದ ಮೂಗು, ಬೆಕ್ಕಿನ ಕಣ್ಣು. ಆ ಕಣ್ಣು ಊರಲ್ಲಿ ಇದ್ದದ್ದು ಗೌಡರ ಮನೆಯಲ್ಲಿ ಮಾತ್ರ. ಕರೆಮ್ಮ ಆ ಮನೆಯ ಕಣದಲ್ಲಿ ದುಡಿಯುತ್ತಿದ್ದಳು. ಗೌಡ ಅವನನ್ನು ಮಗ ಅನ್ನಲಿಲ್ಲ, ಕೇರಿಯವರು ಯಾರ ಮಗನೆಂದು ಕೇಳಲಿಲ್ಲ. ಗೌಡನ ಮಾತು ಬಂದರೆ ಕರೆಮ್ಮ ಉಗುಳುತ್ತಿದ್ದಳು. ಅಷ್ಟರಲ್ಲಿ ಎಲ್ಲ ತಿಳಿಯುತ್ತಿತ್ತು.

ಊರ ಹೋಟೆಲಿನಲ್ಲಿ ನಮಗೆ ಲೋಟ ಬೇರೆ. ಹೊರಗಿನ ಗೋಡೆಯ ಮೇಲೆ ಇರುತ್ತಿದ್ದವು. ಚಾ ಕುಡಿದ ಮೇಲೆ ನಮ್ಮ ಲೋಟ ನಾವೇ ತೊಳೆದು ಅದೇ ಗೋಡೆಯ ಮೇಲೆ ಬೋರಲು ಹಾಕಬೇಕು. ಅಂಗಾತ ಇಟ್ಟರೆ ಹೋಟೆಲಿನವನು ಕರೆದು ಬೈಯುತ್ತಿದ್ದ. ಗಾದಿಲಿಂಗ ಅಕ್ಷರ ಕಲಿಯುವ ಮೊದಲು ಅದನ್ನು ಕಲಿತ. ಎಂಬತ್ತಾರರಲ್ಲಿ ನಾವು ದಲಿತ ಸಂಘದವರು ಹೋಗಿ ಆ ಲೋಟಗಳನ್ನು ರಸ್ತೆಗೆ ಎಸೆದು ಒಳಗೆ ಬೆಂಚಿನ ಮೇಲೆ ಕೂತು ಚಾ ಕುಡಿದೆವು. ಪೊಲೀಸರು ನಮಗೇ ಹೊಡೆದರು. ಆ ಗಲಾಟೆಯ ಹೊತ್ತಿಗೆ ಗಾದಿಲಿಂಗ ಊರು ಬಿಟ್ಟು ಒಂದು ವರ್ಷವಾಗಿತ್ತು.

ಅವನು ಜಾತಿ ಬದಲಿಸಬೇಕೆಂದು ಹೊಸಪೇಟೆಗೆ ಹೋದವನಲ್ಲ, ಕೆಲಸ ಹುಡುಕಿ ಹೋದವನು. ಇಳಿದ ದಿನ ಹೊಟ್ಟೆ ಹಸಿದು ಒಂದು ಮಠದ ದಾಸೋಹದ ಸಾಲಿನಲ್ಲಿ ಕೂತ. ಬಡಿಸುವ ಮುಂಚೆ ಯಾರೋ ಸಾಲಿಗೆಲ್ಲ ವಿಭೂತಿ ಹಚ್ಚುತ್ತಾ ಹೋದರು. ಅದೇ ಹಣೆಯಲ್ಲಿ ಎರ್ರಿಯಪ್ಪ ಎಂಬ ಲಿಂಗಾಯತರ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಕೆಲಸ ಕೇಳಿ ನಿಂತ. ಹೆಸರು ಕೇಳಿದರು, ಗಾದಿಲಿಂಗ ಎಂದ. ನಮ್ಮ ಕಡೆ ಆ ಹೆಸರು ಎಲ್ಲ ಜಾತಿಯಲ್ಲೂ ಉಂಟು. ಎರ್ರಿಯಪ್ಪನವರು ಹಣೆ ನೋಡಿದರು, ಬಣ್ಣ ನೋಡಿದರು.

"ನಮ್ ಪೈಕಿನ ಅನ್ನು," ಎಂದರು.

ಇವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸಂಜೆಯೊಳಗೆ ಕೆಲಸ ಸಿಕ್ಕಿತು, ಎರ್ರಿಯಪ್ಪನವರ ಮನೆಯ ಹಿಂದೆಯೇ ಕೋಣೆಯೂ ಸಿಕ್ಕಿತು. ಅದೇ ತಿಂಗಳು ನಾನು ಸಂಘದ ಆಫೀಸಿಗೆಂದು ಹೊಸಪೇಟೆಯಲ್ಲಿ ಕೋಣೆ ಹುಡುಕಿ ಹನ್ನೊಂದು ಬಾಗಿಲಿನಿಂದ ವಾಪಸ್ಸಾಗಿದ್ದೆ.

ಉಳಿದಿದ್ದನ್ನು ಪ್ರೆಸ್ಸೇ ಕಲಿಸಿತು. ಲಗ್ನಪತ್ರಿಕೆಯ ಅಚ್ಚುಮೊಳೆ ಜೋಡಿಸುತ್ತಾ ಯಾವ ಮನೆತನದ ತಲೆಸಾಲಿನಲ್ಲಿ ಯಾವ ದೇವರು, ಯಾರು ಅಜ್ಜನಿಗೆ ಏನನ್ನುತ್ತಾರೆ, ಸತ್ತವರನ್ನು ಯಾರು ಲಿಂಗೈಕ್ಯ ಅನ್ನುತ್ತಾರೆ, ಯಾರು ದಿವಂಗತ ಅನ್ನುತ್ತಾರೆ ಎಲ್ಲ ಬಾಯಿಪಾಠ ಮಾಡಿದ. ಐದು ವರ್ಷದಲ್ಲಿ ಅವನೇ ಬರೆಯತೊಡಗಿದ. ಮೊದಲು ಮದುವೆಯ ಒಕ್ಕಣೆ, ಶ್ರದ್ಧಾಂಜಲಿ, ರಿಟೈರಾದ ಮಾಸ್ತರರಿಗೆ ಬಿನ್ನವತ್ತಳೆ. ಆಮೇಲೆ ವಾರಪತ್ರಿಕೆಯಲ್ಲಿ ಅಂಕಣ. ಹಂಪಿಯ ಬಗ್ಗೆ ಅವನು ಬರೆದ ಸಣ್ಣ ಪುಸ್ತಕ ಇವತ್ತಿಗೂ ಅಲ್ಲಿನ ಎಳನೀರಿನ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ರಾಜರು ಮೂರು ಪುಟ. ಉಳಿದದ್ದೆಲ್ಲ ಕಲ್ಲು ಸೀಳಿದವರು, ಹೊತ್ತವರು, ಕಾಲುವೆ ತೋಡಿದವರು. ಓದಿದವರೆಲ್ಲ ಎಂಥ ದೊಡ್ಡ ಮನಸ್ಸು ಇವರದು ಎಂದು ಹೊಗಳಿದರು. ಅವ್ವನ ಕಥೆ ಬರೆಯಲು ಧೈರ್ಯವಿಲ್ಲದವನು ಕಲ್ಲಿನ ಹೆಸರಲ್ಲಿ ಬರೆದುಕೊಂಡ ಎಂದು ನಾನು ಬೈದೆ. ಬೈದು ನಾಲ್ಕು ಸಲ ಓದಿದೆ.

ನನಗೆ ಅವನ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ತೊಂಬತ್ನಾಲ್ಕರಲ್ಲಿ ಜಾಥಾದ ಕರಪತ್ರ ಅಚ್ಚು ಹಾಕಿಸಲು ಆ ಪ್ರೆಸ್ಸಿಗೆ ಹೋದೆ. ಒಂದೇ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವನು ಎರ್ರಿಯಪ್ಪನವರ ಮುಂದೆ ನನ್ನನ್ನು ನೋಡಿ, "ಯಾರ್ರಿ ತಾವು?" ಎಂದ. ಕೆನ್ನೆಗೆ ಬಿಡಬೇಕೆಂದು ಕೈ ಎದ್ದಿತ್ತು. ವಾರ ಬಿಟ್ಟು ಅಚ್ಚಾದ ಕರಪತ್ರ ನೋಡಿದರೆ ನಾನು ಬರೆದ ಸಪ್ಪೆ ಸಾಲುಗಳು ಒಂದೂ ಇರಲಿಲ್ಲ. ಪೂರ್ತಿ ಹೊಸದಾಗಿ ಬರೆದಿದ್ದ. ಅದನ್ನು ಓದಿ ಗಾದಿಗನೂರಿನ ಗಣಿಯ ಕೂಲಿಗಳು ಮೂರು ಲಾರಿ ತುಂಬ ಬಂದರು. ಅಲ್ಲಿಂದ ಇಪ್ಪತ್ತು ವರ್ಷ ನಮ್ಮ ಒಳ್ಳೆಯ ಕರಪತ್ರಗಳನ್ನೆಲ್ಲ ಬರೆದವನು ಅವನೇ. ಕರೆಮ್ಮ ತಿಂಗಳಿಗೊಮ್ಮೆ ಶೇಂಗಾ ತುಂಬಿದ ಚೀಲ ಹಿಡಿದು ಅವನ ಮನೆಗೆ ಹೋಗುವಳು. ಬರುವಾಗ ಅದೇ ಚೀಲದ ತಳದಲ್ಲಿ ಅವನು ಬರೆದ ಕಾಗದ. ನಮ್ಮ ಜೊತೆ ಕೂತು ಒಂದು ಕಪ್ ಚಾ ಕುಡಿಯಲಾಗದವನು ಬರೆದ ಘೋಷಣೆಯನ್ನು ನಾನು ಗಂಟಲು ಹರಿಯುವಂತೆ ಕೂಗಿದ್ದೇನೆ.

ಮದುವೆಯೂ ಪ್ರೆಸ್ಸಿನಿಂದಲೇ ಆಯಿತು. ರೇಣುಕಾದೇವಿ ಕಂಪ್ಲಿಯ ಲಿಂಗಾಯತ ಮನೆಯ ಹುಡುಗಿ, ಶಾಲೆಯ ಟೀಚರು. ಅಕ್ಕನ ಲಗ್ನಪತ್ರಿಕೆ ಮಾಡಿಸಲು ಬಂದವಳು ಒಕ್ಕಣೆ ಬರೆದವನನ್ನು ಮೆಚ್ಚಿಕೊಂಡಳು. ಹುಡುಗ ಅನಾಥ, ಮಠದ ಅನ್ನ ಉಂಡವನು ಎಂದು ಎರ್ರಿಯಪ್ಪನವರೇ ಮುಂದೆ ನಿಂತು ಮದುವೆ ಮಾಡಿಸಿದರು. ಕರೆಮ್ಮ ಮಗನ ಮದುವೆಯಲ್ಲಿ ಕಡೆಯ ಪಂಕ್ತಿಯಲ್ಲಿ ಕೂತು ಉಂಡು ಬಂದಳು. "ಮಾದಲಿ ಮಸ್ತ್ ಆಗಿತ್ತು," ಎಂದಳು.

ಇಂಥವನ ಜೀಪು ಹತ್ತಬೇಕೆಂದು ಮುದುಕಿ ಹೊರಟಿದ್ದಳು. ಬ್ಯಾಡ ಬೇ ಅನ್ನಬಹುದಿತ್ತು. ಆದರೆ ನನಗೂ ಒಳಗೊಳಗೇ ಕುಣಿಯುವ ಹಾಗಾಗಿತ್ತು. ಅಂಗಿ ಹಾಕಿಕೊಂಡು ಅವಳ ಜೊತೆ ಹೊಸಪೇಟೆಯ ಬಸ್ಸು ಹತ್ತಿದೆ. ಅದಿರಿನ ಲಾರಿಗಳ ಕೆಂಪು ಧೂಳು ಮುಖಕ್ಕೆ ಬಡಿಯುತ್ತಿದ್ದರೂ ಅವಳು ಕಿಟಕಿ ಮುಚ್ಚಗೊಡಲಿಲ್ಲ. ತೆರೆದ ಗಾಡಿಯಲ್ಲಿ ಕೂರುವುದು ರೂಢಿಯಾಗಲಿ ಎಂದಳು.

ಬಾಗಿಲು ತೆಗೆದವಳು ರೇಣುಕಾದೇವಿ. "ಕರೆಮ್ಮ ಬಂದಾಳ ನೋಡ್ರಿ," ಎಂದು ಒಳಗೆ ಕೂಗಿದಳು. ಕರೆಮ್ಮ ರೂಢಿಯಂತೆ ಹೊರಗಿನ ಮೆಟ್ಟಿಲ ಮೇಲೆ ಕೂತಳು. ನಾನು ಕರಪತ್ರದವನೆಂದು ರೇಣುಕಾದೇವಿಗೆ ಅಷ್ಟಿಷ್ಟು ಗುರುತಿತ್ತು, ಕುಂದ್ರಿ ಎಂದು ಕುರ್ಚಿ ತೋರಿಸಿದಳು. ನಾನು ಕರೆಮ್ಮನ ಪಕ್ಕದಲ್ಲೇ ಕೂತೆ.

ಒಳಗೆ ಮೇಜಿನ ಮುಂದೆ ಗಾದಿಲಿಂಗ. ಎದುರಿಗೆ ಬಳಗದವರು ಕೊಟ್ಟ ಹಾಳೆ, ಅಧ್ಯಕ್ಷರ ಪರಿಚಯ. ಊರಿನವರ ಪರಿಚಯವನ್ನೆಲ್ಲ ಬರೆದವನು ತನ್ನದನ್ನು ಬರೆಯಲಾಗದೆ ಮೂರು ದಿನದಿಂದ ತಂದೆತಾಯಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದ. ಮಗಳು ಅಂಜಲಿ ತೋರಣಗಲ್ಲಿನ ಕಾರ್ಖಾನೆಯ ಶಿಫ್ಟು ಮುಗಿಸಿ ಆಗಷ್ಟೇ ಬಂದಿದ್ದಳು.

ಚಾ ಬಂತು. ಕರೆಮ್ಮನಿಗೆ ಎಂದಿನ ಲೋಟ, ಹೊರಗಿನ ನಲ್ಲಿಯ ಕಟ್ಟೆಯ ಮೇಲೆ ಇಪ್ಪತ್ತೆಂಟು ವರ್ಷದಿಂದ ಇರುವ ಲೋಟ. ಕುಡಿದಾದ ಮೇಲೆ ಅವಳು ಎದ್ದು ತೊಳೆದು ಬೋರಲು ಹಾಕಿದಳು. ಒಳಗೆ ಗಾದಿಲಿಂಗ ತನ್ನ ಲೋಟ ಹಿಡಿದು ಅಡುಗೆಮನೆಗೆ ಹೋಗಿ, ತೊಳೆದು ಬೋರಲು ಹಾಕಿ ಬಂದ.

ಅಂಜಲಿ ನಕ್ಕಳು. "ನೋಡ್ರಿ ಅಂಕಲ್, ನಮ್ಮಪ್ಪ ಕುಡದ ಲೋಟ ಯಾವತ್ತೂ ಬಿಟ್ಟು ಎದ್ದಿಲ್ಲ. ಫ್ಯಾಕ್ಟರಿಯಾಗ ಹೇಳಿದ್ರ ನನ್ ಫ್ರೆಂಡ್ಸ್ ಅಂತಾರ, ಅಂಥಾ ಗಂಡ ಎಲ್ಲಿ ಸಿಗತಾನ ಕೇಳು ಅಂತ."

"ಚೋರನೂರಾಗ," ಎಂದಳು ರೇಣುಕಾದೇವಿ.

ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಗಂಡನನ್ನು ನೋಡದೆ ನಲ್ಲಿಯ ಕಟ್ಟೆಯ ಕಡೆ ನೋಡುತ್ತಾ ಹೇಳಿದಳು. "ಕಂಪ್ಲಿಯಾಗ ನಮ್ಮಪ್ಪನ ಗದ್ದಿ ಕೆಲಸಕ್ಕ ಬರೋ ಆಳುಗಳು ಹಿಂಗ ಕುಡದು, ತೊಳದು, ಕಟ್ಟಿ ಮ್ಯಾಲ ಬೋರಲ ಹಾಕಿ ಹೋಗತಿದ್ರು. ನಮ್ ಮನಿ ಗಂಡಸ್ರು ಲೋಟ ಕುಂತಲ್ಲೇ ಬಿಟ್ಟು ಏಳೋರು. ಮದುವಿ ಆದ ಮೂರನೇ ದಿನ ಇವರು ಲೋಟ ತೊಳದು ಬೋರಲ ಹಾಕಿದ್ರು. ಅವತ್ತ ತಿಳೀತು ನನಗ. ಮುಂದಿನ ತಿಂಗಳು ಕರೆಮ್ಮ ಬಂದು ಅದೇ ಥರ ಹಾಕಿದ್ಲು. ಪೂರ್ತಿ ತಿಳೀತು."

ಗಾದಿಲಿಂಗ ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟ.

ನನಗೆ ತಡೆಯಲಾಗಲಿಲ್ಲ. "ಗೊತ್ತಿದ್ದೂ ಗಂಡನ ಅವ್ವಗ ಬ್ಯಾರೆ ಲೋಟದಾಗ ಚಾ ಕೊಟ್ಟೀಯಲ್ಲವ್ವ?"

"ಕೊಟ್ಟೆ," ಎಂದಳು. "ಇವರು ಬಾಯಿ ಬಿಡಲಿ ಅಂತ ಕಾದೆ. ಬಿಡಲಿಲ್ಲ. ಬಿಡದಿದ್ದರ ನನಗೂ ಅನುಕೂಲ ಆತು. ತವರಿಗೆ ಹೋಗಿ ಏನ್ ಹೇಳಲಿ ಅನ್ನೋ ಹೆದರಿಕಿ ನನಗೂ ಇತ್ತು. ನಾನೇನ್ ದೇವರಲ್ಲ."

ಕರೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಬ್ರೂ ಶಾಣ್ಯಾರು ಬಿಡ್ರಿ. ಒಬ್ರಿಗೊಬ್ರು ಗೊತ್ತಿಲ್ಲದಂಗ ನನ್ನನ್ನ ಬಿಸಲಾಗ ಕುಂದ್ರಿಸೀರಿ. ನನಗ ನಿಮ್ಮ ಒಳಗಿನ ಲೋಟ ಬ್ಯಾಡ. ಜೀಪು ಬೇಕು."

ಅಂಜಲಿ ಒಂದು ಸಲ ಅಪ್ಪನ ಗಲ್ಲ ನೋಡಿದಳು, ಒಂದು ಸಲ ಮುದುಕಿಯ ಗಲ್ಲ ನೋಡಿದಳು. ಬಂದು ನಮ್ಮಿಬ್ಬರ ನಡುವೆ ಮೆಟ್ಟಿಲ ಮೇಲೆ ತೂರಿಕೊಂಡು ಕೂತಳು. "ಆ ಕಡಿ ಸರೀರಿ ಅಂಕಲ್," ಎಂದಳು ನನಗೆ.

ಗಾದಿಲಿಂಗ ಬಾಗಿಲಿಗೆ ಬಂದ. "ಎರ್ರಿಯಪ್ಪನೋರು ಮಗನಂಗ ಸಾಕ್ಯಾರ. ಅವರ ಮುಂದ ಹ್ಯಾಂಗ ಹೇಳಲಿ? ಭಾನುವಾರ ಒಂದು ಮುಗೀಲಿ, ಆಮ್ಯಾಲ ನಾನ ಎಲ್ಲಾರಿಗೂ ಹೇಳ್ತೀನಿ."

"ಆಮ್ಯಾಲ ಜೀಪು ಇರತೈತೇನು?" ಎಂದು ಕರೆಮ್ಮ ಎದ್ದು ನಡೆದಳು. ಅವನು ಅವಳನ್ನು ಆಗಲೂ ಅವ್ವ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಮೇನ್ ಬಜಾರಿನಲ್ಲಿ ನಾನೂ ಕರೆಮ್ಮನೂ ಒಂದು ಚಾ ಹೋಟೆಲಿನ ಮುಂದೆ ನಿಂತಿದ್ದೆವು. ಮುದುಕಿ ಟ್ರಂಕಿನ ತಳದ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಕನಕಾಂಬರ ಮುಡಿದಿದ್ದಳು. ಕರೆದಿಲ್ಲ, ಹೇಳಿಲ್ಲ, ಆದರೂ ಮದುವಣಗಿತ್ತಿಯಂತೆ ಸಜ್ಜಾಗಿದ್ದಳು. ನಾನು ನೂರು ಮೆರವಣಿಗೆ ಮಾಡಿದ್ದೇನೆ, ಲಾಠಿ ತಿಂದಿದ್ದೇನೆ, ಇಷ್ಟು ಹೆದರಿ ಯಾವುದಕ್ಕೂ ಕಾದಿರಲಿಲ್ಲ.

ಮೊದಲು ಕುಂಭದ ಹೆಂಗಸರು ಬಂದರು. ಹಿಂದೆ ಡೊಳ್ಳು, ಹಲಗೆ. ಅದರ ಹಿಂದೆ ಗುಲಾಬಿ ಬಣ್ಣದ ಹಾಳೆ ಹಂಚುವ ಬಳಗದವರು. ನನಗೂ ಒಂದು ಕೊಟ್ಟರು. ಗಾದಿಲಿಂಗ ಖಾಲಿ ಬಿಟ್ಟಿದ್ದ ಜಾಗವನ್ನು ಎರ್ರಿಯಪ್ಪನವರೇ ತುಂಬಿಸಿದ್ದರು, "ಸಂಪನ್ನ ಶರಣ ಮನೆತನದಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡು" ಎಂದು.

ಆಮೇಲೆ ಜೀಪು. ಪೇಟ, ಹಾರ, ಕೈಮುಗಿದ ಗಾದಿಲಿಂಗ. ಬಾಜೂಕ ಎರ್ರಿಯಪ್ಪನವರು. ಹಿಂದಿನ ಸೀಟಿನಲ್ಲಿ ರೇಣುಕಾದೇವಿ, ಅಂಜಲಿ. ಜೀಪು ನಮ್ಮನ್ನು ದಾಟಿ ಹತ್ತು ಮಾರು ಹೋಯಿತು. ಅಂಜಲಿ ತಿರುಗಿ ಕೈಬೀಸಿದಳು. ಗಾದಿಲಿಂಗ ತಿರುಗಲಿಲ್ಲ. ನನ್ನ ತೋಳು ಹಿಡಿದಿದ್ದ ಕರೆಮ್ಮನ ಉಗುರು ಚರ್ಮಕ್ಕೆ ಇಳಿಯಿತು.

ಅಷ್ಟರಲ್ಲಿ ಹೋಟೆಲಿನ ಮಾಲೀಕ ಟ್ರೇ ಹಿಡಿದು ಓಡಿದ. ಮೆರವಣಿಗೆ ತನ್ನ ಅಂಗಡಿ ಮುಂದೆ ಬಂದ ಮೇಲೆ ಚಾ ಕುಡಿಯದೆ ಹೋಗುವುದುಂಟೆ ಎಂದು ಜೀಪು ನಿಲ್ಲಿಸಿದ. ಜನಕ್ಕೆ ಕಾಗದದ ಕಪ್ಪು, ದೊಡ್ಡವರಿಗೆ ಗಾಜಿನ ಲೋಟ. ನಮಗೂ ಕಾಗದದ ಕಪ್ಪು ಬಂತು. ಕರೆಮ್ಮ ವಾಪಸ್ಸು ಕೊಟ್ಟಳು. "ಲೋಟದಾಗ ತಾರಪ್ಪ, ಇದರಾಗ ಕುಡದ್ರ ಕುಡದಂಗ ಅನಸಂಗಿಲ್ಲ," ಎಂದಳು. ತಂದುಕೊಟ್ಟರು. ಕುಡಿದು ಅಂಗಡಿಯ ಪಕ್ಕದ ನೀರಿನ ಡ್ರಮ್ಮಿನ ಹತ್ತಿರ ಹೋಗಿ ಲೋಟ ತೊಳೆಯತೊಡಗಿದಳು.

ಜೀಪಿನಲ್ಲಿ ಗಾದಿಲಿಂಗ ಚಾ ಮುಗಿಸಿದ. ಮುಗಿಸಿದವನು ಲೋಟ ಟ್ರೇಗೆ ಇಡಲಿಲ್ಲ. ಪೇಟ ಹಾರ ಹಾಕಿಕೊಂಡವನು ಜೀಪಿನಿಂದ ಇಳಿದ. ಮಂದಿ ಸರಿದು ದಾರಿ ಬಿಟ್ಟರು, ಅಧ್ಯಕ್ಷರು ಯಾರನ್ನೋ ಮಾತಾಡಿಸಲು ಇಳಿದರು ಎಂದುಕೊಂಡು. ಅವನು ನೆಟ್ಟಗೆ ಡ್ರಮ್ಮಿನ ಕಡೆ ನಡೆದ. ತಾನು ಏನು ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ, ಕೈ ಕರೆದುಕೊಂಡು ಬಂದಿತ್ತು. ಡ್ರಮ್ಮಿಗೆ ಬಗ್ಗಿದಾಗ ಎದುರಿಗೆ ಅವ್ವ, ಅವಳ ಕೈಯಲ್ಲೂ ಲೋಟ.

ಜೀಪಿನಿಂದ ಎರ್ರಿಯಪ್ಪನವರು ಕೂಗಿದರು. "ಅಧ್ಯಕ್ಷರ, ಏನ್ ಮಾಡಾಕತ್ತೀರಿ ಅಲ್ಲಿ? ಲೋಟ ತೊಳಿಯಾಕ ಮಂದಿ ಇಲ್ಲೇನು?"

ಗಾದಿಲಿಂಗ ಕೈಯಲ್ಲಿದ್ದ ಲೋಟ ನೋಡಿದ. ಅವ್ವನದನ್ನು ನೋಡಿದ. ಅವಳ ಕೈಯಿಂದ ಅದನ್ನು ಕಿತ್ತುಕೊಂಡು ಎರಡನ್ನೂ ಅಂಗಡಿಯ ಕೌಂಟರಿನ ಮೇಲೆ ಅಂಗಾತ ಇಟ್ಟ. ಟಕ್ ಟಕ್ ಎಂದು ಸದ್ದಾಯಿತು.

"ಯವ್ವಾ, ನಡಿ," ಎಂದ.

ಅವಳ ರಟ್ಟೆ ಹಿಡಿದು ಜೀಪಿನವರೆಗೆ ನಡೆಸಿಕೊಂಡು ಬಂದ. ಎರ್ರಿಯಪ್ಪನವರ ಮುಂದೆ ನಿಂತು, ವೇದಿಕೆಯ ಮೇಲೆ ಮಾತಾಡುವ ದನಿಯಲ್ಲೇ ಹೇಳಿದ. "ಇವರು ನಮ್ಮವ್ವ. ಕರೆಮ್ಮ. ಚೋರನೂರಿನ ಮಾದಿಗರ ಕೇರಿ. ಅವತ್ತು ನಮ್ಮ ಪೈಕಿನ ಅಂದ್ರಿ, ನಾನು ಸುಮ್ಮನಿದ್ದೆ. ತಪ್ಪು ನಂದು."

ಡೊಳ್ಳು, ಹಲಗೆ ನಿಂತವು. ಎರ್ರಿಯಪ್ಪನವರು ಎಂಬತ್ತರ ಮುದುಕ. ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. "ನನಗ ಮೊಣಕಾಲ ನೋವು, ಜೀಪಿನ್ಯಾಗ ಕುಂದ್ರಾಕ ಆಗವಲ್ದು," ಎಂದು ಇಳಿದು, ಯಾರದೋ ಸ್ಕೂಟರಿನ ಹಿಂದೆ ಕೂತು ಹೊರಟುಹೋದರು.

"ಜಾಗ ಆತು," ಎಂದಳು ಕರೆಮ್ಮ. ಅಂಜಲಿ ಮೇಲಿನಿಂದ ಕೈಕೊಟ್ಟಳು. ರೇಣುಕಾದೇವಿ ಕೆಳಗಿಳಿದು ಹಿಂದಿನಿಂದ ಅತ್ತೆಯನ್ನು ಎತ್ತಿ ಹತ್ತಿಸಿದಳು. ಮುದುಕಿ ಮಗನ ಬಾಜೂಕ ಕೂತು, ಮೊದಲು ಸೀಟನ್ನು ಒತ್ತಿ ನೋಡಿದಳು, ಆಮೇಲೆ ಬಜಾರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಬಳಗದವರಲ್ಲಿ ಅರ್ಧ ಮಂದಿ ಎರ್ರಿಯಪ್ಪನವರ ಹಿಂದೆ ಹೋದರು, ಅರ್ಧ ಮಂದಿ ಉಳಿದರು.

ಹಲಗೆಯವರು ನಮ್ಮವರೇ. ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದವರು ನಾನು ಕೈಸನ್ನೆ ಮಾಡಿದ ಮೇಲೆ ಬಾರಿಸತೊಡಗಿದರು. ಕರೆಮ್ಮ ಮುಖ ಕಿವಿಚಿದಳು.

"ಲೇ, ಚರ್ಮ ಸಡಲಾಗೈತಿ. ಕಾಸ್ಕೊಂಡು ಬಡೀರಿ. ಹೆಣಕ್ಕ ಬಡದಂಗ ಬಡಿಯಾಕತ್ತೀರಿ."

"ಬೆಂಕಿಗೆ ಹುಲ್ಲಿಲ್ಲ ಬೇ," ಎಂದ ಹಲಗೆಯವರಲ್ಲಿ ದುರುಗೇಶ ಎಂಬವನು.

ಅವಳು ಜೀಪಿನ ತಳದಲ್ಲಿದ್ದ ಗುಲಾಬಿ ಹಾಳೆಯ ಕಟ್ಟು ಎತ್ತಿ ಮಗನಿಗೆ ತೋರಿಸಿದಳು. "ಇದರಾಗ ಏನ್ ಬರದೈತಿ?"

"ನನ್ ಬಗ್ಗೆ."

"ನನ್ ಹೆಸರೈತೇನು?"

"ಇಲ್ಲವ್ವ."

"ಹಂಗಾರ ಹಲಗಿ ಕಾಸಾಕ ಕೊಡು."

ಕಟ್ಟನ್ನು ಅವನೇ ಕೆಳಗೆ ಕೊಟ್ಟ. ಮೇನ್ ಬಜಾರಿನ ನಡುವೆ ಸಂಪನ್ನ ಮನೆತನ ಧಗ್ಗೆಂದು ಹತ್ತಿಕೊಂಡಿತು. ದುರುಗೇಶ ಹಲಗೆಯನ್ನು ಉರಿಯ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸಿ, ಬೆರಳಿನಿಂದ ಒಮ್ಮೆ ಮೀಟಿದ. ಠಣ್ ಎಂದಿತು. ಮುದುಕಿ ತಲೆಯಾಡಿಸಿದಳು. ಆಮೇಲೆ ಬಿದ್ದ ಪೆಟ್ಟಿಗೆ ಅಂಗಡಿಗಳ ಶಟರು ಅದುರಿದವು. ಮೊಮ್ಮಗಳು ಜೀಪಿನಲ್ಲೇ ನಿಂತು ಕುಣಿದಳು. ನಾನು ಮುಂದೆ ನಿಂತು ಕೂಗಲು ಬಾಯಿ ತೆರೆದೆ, ಆಗ ನೆನಪಾಯಿತು, ನನಗೆ ಬರುವ ಒಳ್ಳೆಯ ಘೋಷಣೆಗಳೆಲ್ಲ ಜೀಪಿನಲ್ಲಿ ಕೂತವನು ಬರೆದವೇ. ಅವನ್ನೇ ಕೂಗಿದೆ. ಅವನೂ ದನಿಗೂಡಿಸಿದ.